ಕೈಗೆ ಸಿಕ್ಕ ವೈರು

ಬನ್ನಿಮಂಟಪದ ಬಳಿ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ಹೊಸ ಇಯರ್‌ಫೋನ್ ಹಾಕಿಕೊಂಡು ಆ ಬಸ್ಸಿನ ಹಿಂದಿನಿಂದ ರಸ್ತೆ ದಾಟುತ್ತಿದ್ದ ಮಗಳಿಗೆ ಹಾರನ್ನೂ ಕೇಳಿಸಲಿಲ್ಲ, ಆಚೆ ಬದಿಯಿಂದ ನಾನು ಕೂಗಿದ್ದೂ ಕೇಳಿಸಲಿಲ್ಲ. ಪಕ್ಕದಲ್ಲಿ ಹೂ ಮಾರುತ್ತಿದ್ದ ಹೆಂಗಸೊಬ್ಬರು ಧಾವಿಸಿ, ಕೈಗೆ ಸಿಕ್ಕ ಇಯರ್‌ಫೋನಿನ ವೈರನ್ನೇ ಹಿಡಿದು ಜಗ್ಗಿದರು. ಮಗಳು ಬೆಚ್ಚಿ ಹಿಂದೆ ಸರಿದಳು. ಬಸ್ಸು ಅವಳೆದುರೇ ಹಾದುಹೋಯಿತು.

“ಕಿವಿಗೆ ಬೀಗ ಹಾಕ್ಕೊಂಡು ರಸ್ತೆಗಿಳಿದ್ಬುಟ್ಟಿದೀಯಲ್ಲವ್ವಾ!” ಎಂದು ಆಕೆ ಗದರಿದರು.

ಕಡಿಮೆ ಬೆಲೆಯದಾದರೂ ಹೊರಗಿನ ಸದ್ದು ಚೂರೂ ಕೇಳಿಸದು ಎಂಬ ಆನ್‌ಲೈನ್ ವಿಮರ್ಶೆಗಳನ್ನು ನಂಬಿ ಅದನ್ನು ತರಿಸಿದವನು ನಾನೇ. ವೈರು ಉದ್ದವಾಯಿತು, ಎಲ್ಲೆಂದರಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದೊಂದೇ ಅಲ್ಲಿದ್ದ ದೂರು.

ಆ ವೈರು ಅಂದೇ ಕಿತ್ತುಹೋಯಿತು. ಈಗ ಮಗಳು ವೈರಿಲ್ಲದ್ದು ಬೇಕೆನ್ನುತ್ತಿದ್ದಾಳೆ. ಮತ್ತೆ ವಿಮರ್ಶೆಗಳನ್ನು ಓದುತ್ತಿದ್ದೇನೆ. ಹಿಡಿದು ಜಗ್ಗಲು ಅದರಲ್ಲಿ ಏನೂ ಇಲ್ಲ.