ಮರಿ ನೋಡಲು ಬಂದವರಿಗೆ ಆಸರಿಗೆ

ನಾಯಿಮರಿಯನ್ನು ಎತ್ತಿಕೊಂಡವರ ಮುಖ ಮೊದಲ ಅರ್ಧ ನಿಮಿಷ ಎಲ್ಲರದ್ದೂ ಒಂದೇ ಥರ ಇರುತ್ತದೆ, ನೀವು ಗಮನಿಸಿದ್ದೀರೋ ಇಲ್ಲವೋ. ನಿವೃತ್ತ ಹೆಡ್‌ಮಾಸ್ಟರಾಗಲಿ, ಗಲ್ಫಿನಿಂದ ರಜೆಯಲ್ಲಿ ಬಂದವರಾಗಲಿ, ಕಣ್ಣು ಸಣ್ಣದು ಮಾಡಿ 'ಅಯ್ಯೋ ಪಾಪ' ಎನ್ನುತ್ತಾರೆ. ಪಾಪ ಯಾಕೆಂದು ಮರಿಗೂ ಗೊತ್ತಿಲ್ಲ. ಕೊಳ್ಳಲು ಬಂದವರದ್ದೂ ಕದಿಯಲು ಬಂದವರದ್ದೂ ಅದೇ ಮುಖವಾದ್ದರಿಂದ ಮುಖಲಕ್ಷಣ ಶಾಸ್ತ್ರ ನಮ್ಮ ಕಸುಬಿನಲ್ಲಿ ಪ್ರಯೋಜನಕ್ಕೆ ಬರುವುದಿಲ್ಲ.

ಕಸುಬು ಎಂದರೆ ದೊಡ್ಡದೇನಲ್ಲ. ಬೋವಿಕಾನದ ಹತ್ತಿರ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಚಿನ್ನು ಎಂಬ ಡ್ಯಾಶ್‌ಹೌಂಡ್, ಅವಳು ಹೆತ್ತ ಐದು ಮರಿಗಳು, ಮತ್ತು ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ ಶ್ವಾನಶಾಸ್ತ್ರದ ಪಂಡಿತನೆಂದು ತನ್ನನ್ನು ತಾನೇ ಘೋಷಿಸಿಕೊಂಡ ನಾನು. ಮರಿಕಳ್ಳರ ಬಗ್ಗೆಯೂ ವಿಡಿಯೋ ನೋಡಿದ್ದೆ: ಬಂದವರನ್ನು ಗೂಡಿನ ಹತ್ತಿರ ಬಿಡಬಾರದು, ಒಂದೊಂದೇ ಮರಿಯನ್ನು ಜಗಲಿಗೆ ತಂದು ತೋರಿಸಬೇಕು. ಒಂದು ಕ್ಯಾಮರಾವನ್ನೂ ಹಾಕಿದ್ದೆ. ಅದು ಹಗಲಿಡೀ ಅಪ್ಪನ ಒಣಗಲು ಹಾಕಿದ ಪಂಚೆಯನ್ನು ಕಾಯುತ್ತಿತ್ತು.

ಆದರೆ ಆ ವಿಡಿಯೋ ಮಾಡಿದವನ ಊರಿನಲ್ಲಿ 'ಆಸರಿಗೆ' ಇಲ್ಲ. ನಮ್ಮಲ್ಲಿ ಅಂಗಳಕ್ಕೆ ಕಾಲಿಟ್ಟವರಿಗೆ 'ಆಸರಿಗೆ ಎಂತ ಆಗ್ಬಹುದು?' ಎಂದು ಕೇಳಿ, ಕುಡಿಯಲು ಏನಾದರೂ ತಂದುಕೊಡದಿದ್ದರೆ ಮನೆತನಕ್ಕೇ ಕುಂದು. ತರಬೇಕಾದರೆ ಒಳಗೆ ಹೋಗಬೇಕು. ಕಳ್ಳನಿಗೆ ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವ ಜೋಯಿಸರೂ ಇಟ್ಟುಕೊಡಲಾರರು. ಈಗ ನಮ್ಮಲ್ಲಿ ಶರಬತ್ತು ಜಗಲಿಗೆ ಬಂದ ಮೇಲೆಯೇ ಮರಿ ಬರುತ್ತದೆ. ಆ ಬುದ್ಧಿ ಬಂದದ್ದು ಹೀಗೆ.

ಒಂದು ಭಾನುವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಅಂಗಿಯವರೊಬ್ಬರು, ಹೆಗಲಿಗೆ ಬಟ್ಟೆಯ ಚೀಲ, ಸ್ಕೂಟರಿನಲ್ಲಿ ಬಂದರು. ಚಿನ್ನುವಿನ ತಾತ-ಮುತ್ತಾತರ ಬಗ್ಗೆ ಒಂದು ಪ್ರಶ್ನೆ ಕೇಳಿದರು. ಅಷ್ಟು ಸಾಕಾಯಿತು, ನನ್ನ ನಿಯಮಗಳನ್ನೆಲ್ಲ ಮರೆತು, ಅವರನ್ನು ನೇರ ಶೆಡ್ಡಿಗೇ ಕರೆದೊಯ್ದು ಅರ್ಧ ಗಂಟೆ ಪ್ರವಚನ ಕೊಟ್ಟೆ. ಅಡುಗೆಮನೆಯಿಂದ ಅಮ್ಮ ಕರೆದಳು.

"ಎರಡು ನಿಂಬೆಹುಳಿ ಕೊಯ್ದು ಕೊಡು ಮಾರಾಯ. ನೀನು ಮಾತಾಡಿದ್ರೆ ಅವರ ಆಸರು ಹೋಗ್ತದಾ?"

ಕೊಯ್ದು ಕೊಟ್ಟು ಬರುವಷ್ಟರಲ್ಲಿ ಅವರು ಜಗಲಿಯಲ್ಲಿದ್ದರು. ಶರಬತ್ತನ್ನು ಒಂದೇ ಗುಟುಕಿಗೆ ಮುಗಿಸಿ, "ಮನೆಯವಳ ಹತ್ರ ಕೇಳಿ ಫೋನ್ ಮಾಡ್ತೇನೆ" ಎಂದು ಎದ್ದರು. ನಾನು ಶೆಡ್ಡಿಗೆ ಹೋಗಿ ನೋಡಿದರೆ ಮರಿಗಳು ನಾಲ್ಕೇ. ಚಿನ್ನುವಿನ ಬಾಯಲ್ಲಿ ನಾನು ಕೊಡದ ಬಿಸ್ಕತ್ತು. ಇಲ್ಲದಿದ್ದದ್ದು ಎಲ್ಲಕ್ಕಿಂತ ಸಣ್ಣದು, ಇಪ್ಪತ್ತೆರಡು ದಿನದ ಕಪ್ಪು ಹೆಣ್ಣುಮರಿ; ತಾಯಿಯ ಹಾಲು ಬಿಟ್ಟು ಬೇರೇನೂ ಗೊತ್ತಿಲ್ಲದ ಅದು ಹೊರಗೆ ಎರಡು ದಿನ ಬದುಕುವುದೂ ಕಷ್ಟ. ಗೋಣಿಯ ಅಡಿ, ಬಕೆಟಿನ ಹಿಂದೆ ಹುಡುಕಿ, ಅಂಗಳಕ್ಕೆ ಓಡಿದೆ.

ಗೇಟಿನ ಬಳಿ ಅಮ್ಮ ಒಂದು ದೊಡ್ಡ ಸೌತೆಕಾಯಿ ಹಿಡಿದು ಅವರ ಸ್ಕೂಟರಿಗೆ ಅಡ್ಡ ನಿಂತಿದ್ದಳು.

"ಬೇಡ ಅಕ್ಕ, ನಿಜವಾಗಿ ಬೇಡ."

"ಎಂತ ಬೇಡ? ನಾವೇ ಬೆಳೆದದ್ದು, ಸಾಂಬಾರಿಗೆ ಲಾಯ್ಕಾಗ್ತದೆ. ಚೀಲ ಕೊಡಿ ಇಲ್ಲಿ."

ಅವರು ಚೀಲವನ್ನು ಎದೆಗೆ ಒತ್ತಿಕೊಂಡರು. ಅಮ್ಮನ ಉಪಚಾರದೆದುರು ಗೆದ್ದವರನ್ನು ನಾನು ಈವರೆಗೆ ಕಂಡಿಲ್ಲ. ಚೀಲದ ಬಾಯಿ ಬಿಡಿಸಿ, ಜಾಗ ಮಾಡಲೆಂದು ಕೈ ಹಾಕಿದವಳು ಹಾಗೆಯೇ ನಿಂತಳು. ಒಳಗಿನಿಂದ ಕುಂಯ್ ಎಂಬ ಸಣ್ಣ ತಕರಾರು ಕೇಳಿಸಿತು.

ಅಮ್ಮ ಮರಿಯನ್ನು ಎತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. "ಇದು ಇನ್ನೂ ಹಾಲು ಬಿಟ್ಟಿಲ್ಲ," ಎಂದಳು, ಅವರಿಗೆ ಗೊತ್ತಿಲ್ಲದ ಸಂಗತಿ ತಿಳಿಸುವವಳ ಹಾಗೆ. ಅವರು ತಲೆ ತಗ್ಗಿಸಿಕೊಂಡೇ ಸ್ಕೂಟರು ಹೊರಡಿಸಿದರು. ನಾನು ಸ್ಕೂಟರಿನ ನಂಬರಿನ ಫೋಟೋ ತೆಗೆದೆ. ಬಂದದ್ದು ನನ್ನ ಹೆಬ್ಬೆರಳು.

ಮರಿ ಚಿನ್ನುವಿನ ಹೊಟ್ಟೆಗೆ ಅಂಟಿಕೊಂಡು ಹಾಲು ಕುಡಿಯತೊಡಗಿದ ಮೇಲೆ ನನಗೆ ಉಸಿರು ಬಂತು. ಅಮ್ಮನ ಕೈ ಖಾಲಿಯಾಗಿತ್ತು.

"ಸೌತೆಕಾಯಿ ಎಲ್ಲಿ?"

"ಚೀಲಕ್ಕೆ ಹಾಕಿದೆ. ಬಂದವರನ್ನು ಬರೀ ಕೈಯಲ್ಲಿ ಕಳಿಸ್ಲಿಕ್ಕಾಗ್ತದಾ?"