ಮೋಟಾರಿನ ಕರೆಂಟು ಯಾರದ್ದು?

ನಾನು ಕಲಿಸುವ ಶಾಲೆಯ ಹಿಂದಿ ಟೀಚರ್ ಮೂಗಿನ ತುದಿಗೆ ಕನ್ನಡಕ ಇಳಿಸಿದರೆ ಹೆಡ್‌ಮಾಸ್ಟರರು ಕೂಡ ತಾವು ಬರೆದದ್ದನ್ನು ಇನ್ನೊಮ್ಮೆ ಓದುತ್ತಿದ್ದರು. “ಅದು ಬೇರೆಯಾ?” ಎಂಬುದು ಅವರ ಯಾವತ್ತಿನ ಮಾತು. ಹೋಟೆಲಿನಲ್ಲಿ ದೋಸೆಯ ಜೊತೆ ಚಟ್ನಿ ಬಂದರೂ, ಅದಕ್ಕೆ ದುಡ್ಡು ಬೇರೆಯೋ ಏನೋ ಎಂದು ಹಾಗೆಯೇ ಕೇಳುತ್ತಿದ್ದರು.

ನಾನು ಬಂದ್ಯೋಡಿನಲ್ಲಿ ಬಾಡಿಗೆಮನೆ ಗೊತ್ತುಮಾಡಿದ ದಿನ ಅವರೂ ಜೊತೆಗೆ ಬಂದರು. ಹೆಂಡತಿ ಏಳು ತಿಂಗಳ ಬಸುರಿ. ಮನೆ ಕೈತಪ್ಪೀತೆಂಬ ಹೆದರಿಕೆಯಲ್ಲಿ ನಾನು ಓದದೆಯೇ ಸಹಿಗೆ ಪೆನ್ನು ತೆಗೆದೆ. ಟೀಚರ್ ಮನೆಯ ಯಜಮಾನರು ಕೊಟ್ಟ ಕರಾರುಪತ್ರವನ್ನು ತಮ್ಮತ್ತ ಎಳೆದುಕೊಂಡು ಕನ್ನಡಕ ಇಳಿಸಿದರು.

“ಬಾವಿಯ ಮೋಟಾರಿನ ಕರೆಂಟು? ಅದು ಬೇರೆಯಾ?”

“ಬೇರೆ ಎಂತದ್ದು? ಇವರ ಮೀಟರಿನಲ್ಲೇ ಉಂಟು,” ಎಂದರು ಮನೆಯ ಧನಿ.

“ಮಾಳಿಗೆಯಲ್ಲಿ ನೀವಿರುವುದಲ್ವಾ? ನಿಮಗೆ ನೀರು?”

“ಅದೇ ಮೋಟಾರು.” ಧನಿಯ ಸ್ವರ ತಗ್ಗಿತು.

“ಅಂದರೆ ನೀವು ಮೀಯುವುದು ಇವರ ಬಿಲ್ಲಿನಲ್ಲಿ. ಮನೆ ಬಿಡುವಾಗ ಪೈಂಟಿನ ಖರ್ಚು?”

“ಅದಕ್ಕೆ ಅಡ್ವಾನ್ಸಿನಿಂದ ಒಂದು ತಿಂಗಳ ಬಾಡಿಗೆ ಹಿಡಿಯುವುದು ಮಾಮೂಲು.”

“ಮಾಮೂಲಾದರೆ ಇದರಲ್ಲಿ ಯಾಕೆ ಬರೆದಿಲ್ಲ?”

ಮನೆ ಹೋಯಿತೆಂದೇ ನಾನು ಎಣಿಸಿದೆ. ಧನಿ ನನ್ನ ಪೆನ್ನು ತೆಗೆದುಕೊಂಡು, ಮೋಟಾರು ತಮ್ಮ ಮೀಟರಿಗೆ, ಪೈಂಟು ತಮ್ಮ ಖರ್ಚಿಗೆ ಎಂದು ಸೇರಿಸಿದರು. ನಾನು ಸಹಿ ಹಾಕಿದೆ.

ಗೇಟಿನವರೆಗೂ ಹಿಂದೆಯೇ ಬಂದ ಧನಿ ತಲೆ ಕೆರೆದುಕೊಂಡರು.

“ಟೀಚರೇ, ಮಗಳಿಗೆ ಮಂಗಳೂರಿನಲ್ಲಿ ಬಾಡಿಗೆಮನೆ ನೋಡಲಿಕ್ಕುಂಟು. ಆದಿತ್ಯವಾರ ನಿಮಗೆ ಪುರುಸೊತ್ತು ಉಂಟಾ?”