ಮಬ್ರೂಕಾ ಹುಡುಕುತ್ತಿರುವ ಇನ್ನೊಂದು ತಪ್ಪು

ಅಷ್ಟಾದರೂ ಮಬ್ರೂಕಾ ಅಕ್ಕನನ್ನು ದಡ್ಡಿ ಅಂದರೆ ನಾನು ಒಪ್ಪಲ್ಲ ಕಣ್ರೀ. ಮರಳುಗಾಡಿನ ನಮ್ಮೂರು ಐನ್ ಜರೂದಿನ ಅಂತರ್ಜಲ ಕಚೇರಿಯಲ್ಲಿ ಆ ಎರಡು ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಒಂದೇ ಮನೆಯಲ್ಲಿ ಕೂರಿಸುವ ಧೈರ್ಯ ಇನ್ಯಾರಿಗಿತ್ತು? ನೆಲದಡಿ ನೀರು ಹರಿಯುವ ಲೆಕ್ಕ ಹಾಕುವುದು ಹಳೆಯ ಫೋರ್ಟ್ರಾನ್. ಅದರಲ್ಲಿ ಉಪ್ಪೆಷ್ಟು ಅಂತ ಹೇಳುವುದು ಅಕ್ಕ ಬರೆದ ಪೈಥಾನ್. ಅತ್ತೆ ಸೊಸೆ ಥರ, ಒಂದರ ಭಾಷೆ ಇನ್ನೊಂದಕ್ಕೆ ಹಿಡಿಸದು. ಅಕ್ಕ ಎರಡನ್ನೂ ಮಾತಾಡಿಸಿಬಿಟ್ಟಳು.

ಉತ್ತರ ಬಂತು: ನೈಋತ್ಯದಲ್ಲಿ, ಬಶೀರ್ ಕಾಕಾನ ಖರ್ಜೂರದ ತೋಟದಡಿ ಸಿಹಿನೀರು! ಅವನ ಮರಗಳು ಉಪ್ಪುನೀರು ಕುಡಿದು ಒಣಗುತ್ತಿದ್ದವು. ಬಾವಿ ಕೊರೆಯುವ ಲಾರಿ ಬಂದು ನಿಂತಿತು. ಕಾಕಾ ಕಚೇರಿಗೆಲ್ಲ ಖರ್ಜೂರ ಹಂಚಿದ.

ನಾನು ಖುಷಿಯಲ್ಲಿ ನಕ್ಷೆಗೆ ಬಣ್ಣ ತುಂಬಿ ಗೋಡೆಗೆ ಅಂಟಿಸಿದೆ. ಅಕ್ಕ ನೋಡಿದವಳೇ ಅದರ ಮೇಲೆ ಬೆರಳಿಟ್ಟಳು.

"ಲೋ ಗಿಲಾನಿ, ಉಪ್ಪಿನ ಸರೋವರ ಯಾವ ದಿಕ್ಕಿಗಿದೆ?"

"ಪಶ್ಚಿಮಕ್ಕೆ. ಕಿಟಕಿಯಾಚೆ ನೋಡಕ್ಕ, ಕಾಣತ್ತೆ."

"ಇಲ್ಲಿ ಉತ್ತರಕ್ಕೆ ಹೋಗಿ ಕೂತಿದೆಯಲ್ಲೋ!"

ಫೋರ್ಟ್ರಾನ್ ಅಂಕಿಗಳನ್ನು ಮೇಲಿನಿಂದ ಕೆಳಕ್ಕೆ ಜೋಡಿಸಿ ಕೊಟ್ಟಿತ್ತು. ಪೈಥಾನ್ ಅವನ್ನೇ ಎಡದಿಂದ ಬಲಕ್ಕೆ ಇಳಿಸಿಕೊಂಡಿತ್ತು. ನಕ್ಷೆ ಉದ್ದಗಲ ಸಮವಿರುವ ಚೌಕವಾಗಿದ್ದರಿಂದ ಎರಡರಲ್ಲಿ ಒಂದೂ ಗೊಣಗಲಿಲ್ಲ. ಇಡೀ ಊರೇ ಮೂಲೆಯಿಂದ ಮೂಲೆಗೆ ಮಗುಚಿತ್ತು.

ಸರಿಮಾಡಿದರೆ ಸಿಹಿನೀರು ಈಶಾನ್ಯಕ್ಕೆ ಹೋಯಿತು. ಅಲ್ಲಿರುವುದು ಗುಡ್ಡದ ಹೋಟೆಲು, ಅದರ ಈಜುಕೊಳ. ಕಾಕಾನ ತೋಟದಡಿ ಬರೀ ಉಪ್ಪು.

ಲಾರಿಯನ್ನು ಅಕ್ಕನೇ ವಾಪಸು ಕಳಿಸಿದಳು. ಕಾಕಾನಿಗೂ ತಾನೇ ಹೋಗಿ ಹೇಳಿದಳು. ಅವನು ಬೈಯಲಿಲ್ಲ. ಒಣಗಿದ ಗರಿಯೊಂದನ್ನು ಮುರಿಯುತ್ತಾ ಅಂದ: "ಹಂಗಾದ್ರೆ ಆ ತಪ್ಪು ನಕ್ಷೇನೇ ಚೆನ್ನಾಗಿತ್ತಲ್ಲ, ಮಗಳೇ."

ಅವತ್ತಿನಿಂದ ಅಕ್ಕ ಕುರ್ಚಿ ಬಿಟ್ಟು ಎದ್ದಿಲ್ಲ. ಎಲ್ಲರೂ ತಪ್ಪು ಇರಬಾರದು ಅಂತ ಬೇಡಿಕೊಳ್ಳುತ್ತಾರೆ. ಇವಳು ಸಿಹಿನೀರನ್ನು ಕಾಕಾನ ಕಡೆ ತಿರುಗಿಸುವಂಥದ್ದು ಒಂದಾದರೂ ಸಿಗಲಿ ಅಂತ ಸಾಲು ಸಾಲು ತಡಕುತ್ತಿದ್ದಾಳೆ.

"ಸಾಕು ಬಾರಕ್ಕ, ಊಟಕ್ಕಿಟ್ಟ ಕೂಸ್‌ಕೂಸ್ ಆರೋಯ್ತು."

"ಒಂದು ತಪ್ಪು ಮಾಡಿದೋಳು ಇನ್ನೊಂದು ಮಾಡಿರಲ್ವೇನೋ? ಇರಲೇಬೇಕು. ಹುಡುಕು!"

ನನ್ನ ಕಣ್ಣಿಗಂತೂ ಏನೂ ಬೀಳಲಿಲ್ಲ. ನಿಮಗೆ ಆ ಎರಡೂ ಭಾಷೆ ಗೊತ್ತಿದ್ದರೆ ತೋಝರ್ ಪಟ್ಟಣದಲ್ಲಿ ಬಾಡಿಗೆ ವ್ಯಾನು ಹತ್ತಿ ನಮ್ಮೂರಿಗೆ ಬನ್ನಿ. ಅಂಚೆ ಕಚೇರಿಯ ಹಿಂದೆ, ನೀಲಿ ಬಾಗಿಲು. ಸಮಾಧಾನ ಹೇಳಬೇಡಿ, ಕೇಳಿಸಿಕೊಳ್ಳಲ್ಲ. ಪಕ್ಕದಲ್ಲಿ ಕೂತು ಅವಳ ಜೊತೆ ಒಂದು ಸಲ ಓದಿ, ದಯವಿಟ್ಟು.